ಹುಬ್ಬಿನ ಮೇಲೊಂದು ಗೀರು

ನಾನು ಕೀನ್ಯಾಕ್ಕೆ ಹೋಗಿ ಬಂದವನು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸಿಂಹ ನೋಡಿದ್ಯಾ?"

ಇಲ್ಲ ಸ್ವಾಮಿ, ನೋಡಲಿಲ್ಲ. ನಾನಿದ್ದ ಊರಲ್ಲಿ ಇದ್ದದ್ದು ಆಡು, ಕೋಳಿ, ಕತ್ತೆ, ಮತ್ತೆ ನೂರೈವತ್ತು ಕಿವುಡು ಮಕ್ಕಳು. 2012ರ ಜನವರಿಯಿಂದ ನವೆಂಬರ್‌ವರೆಗೆ ಪಶ್ಚಿಮ ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಕಡೆಯ ಒಂದು ಸಣ್ಣ ಊರಿನ ವಸತಿ ಶಾಲೆಯಲ್ಲಿ ನಾನು ಸ್ವಯಂಸೇವಕ ಮೇಷ್ಟ್ರಾಗಿದ್ದೆ. ಗಣಿತ ಹೇಳಿಕೊಡೋದು ಕೆಲಸ. ಸಂಬಳ ಇಲ್ಲ. ಇರೋಕೆ ಒಂದು ಕೋಣೆ, ಊಟಕ್ಕೆ ಓಡಾಟಕ್ಕೆ ಒಂದಿಷ್ಟು ದುಡ್ಡು, ಅಷ್ಟೇ. ಅದರ ಬಗ್ಗೆ ಬರಿ ಬರಿ ಅಂತ ಗೆಳೆಯರು ಹೇಳುತ್ತಲೇ ಇದ್ದರು. ಬರೆಯೋಕೆ ಕೂತಾಗೆಲ್ಲ ಕಥೆ ಕೀನ್ಯಾದಲ್ಲಿ ಶುರುವಾಗಿ ನಮ್ಮೂರು ಹೊಳವನಹಳ್ಳಿಗೇ ಬಂದು ನಿಲ್ಲುತ್ತಿತ್ತು. ಹಾಗಾಗಿ ಈ ಸಲ ಹೊಳವನಹಳ್ಳಿಯಿಂದಲೇ ಶುರು ಮಾಡ್ತೀನಿ.

ಹೊಳವನಹಳ್ಳಿ ಗೊತ್ತಿಲ್ಲದವರಿಗೆ: ತುಮಕೂರು ಜಿಲ್ಲೆ, ಕೊರಟಗೆರೆ ತಾಲ್ಲೂಕು, ಅಲ್ಲೊಂದು ಹೋಬಳಿ. ಜಯಮಂಗಲಿ ಹೊಳೆಯ ಸೀಮೆ. ಹೊಳೆ ಅನ್ನೋದು ಹೆಸರಿಗೆ ಮಾತ್ರ, ವರ್ಷದಲ್ಲಿ ಬಹಳ ದಿನ ಬರೀ ಮರಳು. ನಾವು ಚಿಕ್ಕವರಿದ್ದಾಗ ತಲಪರಿಗೆಗಳಲ್ಲಿ ನೀರು ತಾನಾಗಿ ಜಿನುಗುತ್ತಿತ್ತು. ಐದನೇ ವಯಸ್ಸಲ್ಲಿ ಒಂದು ತಲಪರಿಗೆಯ ಕಲ್ಲಿನ ಮೇಲೆ ಬಿದ್ದು ನಾನು ಎಡಹುಬ್ಬು ಸೀಳಿಕೊಂಡಾಗ, ನನ್ನನ್ನು ಸೊಂಟದ ಮೇಲೆ ಹೊತ್ತು ಮನೆವರೆಗೂ ಓಡಿ ಬಂದವಳು ನನ್ನ ಸೋದರತ್ತೆ. ಅಪ್ಪನ ತಂಗಿ. ಚಿಕ್ಕ ಮಗುವಾಗಿದ್ದಾಗ ಜ್ವರ ಬಂದು ಅವಳ ಕಿವಿ ಹೋಗಿತ್ತು. ಶಾಲೆಗೆ ಹಾಕಲಿಲ್ಲ, ಮದುವೆಯೂ ಆಗಲಿಲ್ಲ. ದನ, ಕೊಟ್ಟಿಗೆ, ಒರಳು, ಒಲೆ ಅವಳವು. ಊರೆಲ್ಲ ಅವಳನ್ನು 'ಮೂಗಿ' ಅನ್ನುತ್ತಿತ್ತು. ನಾವು ಮಕ್ಕಳು ಮರ್ಯಾದೆ ಕೊಟ್ಟು 'ಮೂಗತ್ತೆ' ಅನ್ನುತ್ತಿದ್ದೆವು!

ನಾನು ತುಮಕೂರಿನ ಒಂದು ಹೈಸ್ಕೂಲಲ್ಲಿ ಮೇಷ್ಟ್ರಾಗಿದ್ದವನು, ಹೀಗೆ ಕೀನ್ಯಾಕ್ಕೆ ಹೊರಟಿದ್ದೀನಿ ಅಂತ ಮನೆಯಲ್ಲಿ ಹೇಳಿದಾಗ ಅವರೆಕಾಯಿ ಕಾಲ. ಜಗಲಿ ಮೇಲೆ ಎಲ್ಲರೂ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಮ್ಮ ತಟ್ಟನೆ ಅಂದಳು, "ಅಲ್ಲ ಕಣ್ಲಾ, ಕಿವಿ ಕೇಳ್ದಿರೋರ್ಗೆ ಪಾಠ ಹೇಳಕ್ಕೆ ಅಷ್ಟು ದೂರ ಯಾಕೋಗ್ಬೇಕು? ಮನೇಲೇ ಒಬ್ಳವ್ಳಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ತಲೆ ಎತ್ತಿ ಒಂದು ಸಲ ನಮ್ಮೆಲ್ಲರ ಮುಖ ನೋಡಿದಳು. ಆಮೇಲೆ ಅವಳೂ ನಕ್ಕಳು. ಯಾಕೆ ಅಂತ ಗೊತ್ತಿಲ್ಲದೆ ನಗೋದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

*

ಹೋಗೋ ಮುಂಚೆ ನಾನು ಬೆಂಗಳೂರಿನಲ್ಲಿ ಸನ್ನೆ ಭಾಷೆಯ ಒಂದು ಪುಸ್ತಕ ಕೊಂಡು, ಇಂಗ್ಲಿಷ್ ಅಕ್ಷರಗಳಷ್ಟನ್ನೂ ಬಾಯಿಪಾಠ, ಅಲ್ಲಲ್ಲ, ಕೈಪಾಠ ಮಾಡಿಕೊಂಡಿದ್ದೆ :) ನಮ್ಮ ದೇಶದಲ್ಲಿ ಅಕ್ಷರ ತೋರಿಸೋದು ಎರಡೂ ಕೈಯಲ್ಲಿ. ಒಂದು ಕೈಯ ಹೆಬ್ಬೆರಳ ತುದಿ ಮುಟ್ಟಿದರೆ 'ಎ', ತೋರುಬೆರಳು ಮುಟ್ಟಿದರೆ 'ಇ', ಹೀಗೆ ಐದು ಬೆರಳಿಗೆ ಐದು ಸ್ವರ. ಬ್ರಿಟಿಷರ ಕಡೆಯಿಂದ ಬಂದದ್ದು. ನೈರೋಬಿಯಲ್ಲಿ ಮೂರು ವಾರ ತರಬೇತಿ. ಕಲಿಸುತ್ತಿದ್ದವರು ಸ್ವತಃ ಕಿವುಡರು. ನಾನು ದೊಡ್ಡ ಜಂಬದಿಂದ ಎರಡು ಕೈಯಲ್ಲಿ ನನ್ನ ಹೆಸರು ತೋರಿಸಿದೆ. ಅವರು ನಕ್ಕು, ನನ್ನ ಎಡಗೈಯನ್ನು ಮೆಲ್ಲಗೆ ಹಿಡಿದು ಜೇಬಿಗೆ ಹಾಕಿಬಿಟ್ಟರು. ಕೀನ್ಯಾದಲ್ಲಿ ಅಕ್ಷರವೆಲ್ಲ ಒಂದೇ ಕೈಯಲ್ಲಿ, ಅಮೆರಿಕದವರ ಹಾಗೆ.

ಸನ್ನೆ ಭಾಷೆ ಅಂದ್ರೆ ಲೋಕಕ್ಕೆಲ್ಲ ಒಂದೇ ಅಂತ ನಾನೂ ತಿಳಿದಿದ್ದೆ. ಹಾಗೇನಿಲ್ಲ. ಅಮೆರಿಕದವರೂ ಇಂಗ್ಲೆಂಡಿನವರೂ ಮಾತಾಡೋದು ಒಂದೇ ಇಂಗ್ಲಿಷ್, ಆದರೆ ಅವರ ಕಿವುಡರ ಭಾಷೆಗಳು ಒಂದಕ್ಕೊಂದು ಅರ್ಥವಾಗೋದಿಲ್ಲ. ಅಮೆರಿಕದ್ದು ಫ್ರಾನ್ಸಿನದಕ್ಕೆ ಹತ್ತಿರ, ಯಾಕೆಂದರೆ 1817ರಲ್ಲಿ ಅಲ್ಲಿ ಶಾಲೆ ಶುರುವಾದಾಗ ಪಾಠ ಹೇಳಿದ್ದು ಫ್ರಾನ್ಸಿನಿಂದ ಬಂದ ಕಿವುಡ ಮೇಷ್ಟ್ರು ಲಾರೆಂಟ್ ಕ್ಲರ್ಕ್. ಕೀನ್ಯಾದವರಿಗೆ ಅವರದೇ ಸನ್ನೆ ಭಾಷೆ ಇದೆ, 2010ರ ಅವರ ಸಂವಿಧಾನದಲ್ಲಿ ಅದರ ಹೆಸರಿದೆ. ಇಂಗ್ಲಿಷ್, ಕಿಸ್ವಾಹಿಲಿ ಜೊತೆಗೆ ಅದೂ ಪಾರ್ಲಿಮೆಂಟಿನ ಭಾಷೆ.

*

ಇನ್ನು ನಮ್ಮ ಶಾಲೆ. ತಗಡಿನ ಸೂರು, ಕೆಂಪು ಮಣ್ಣಿನ ಅಂಗಳ, ಮಧ್ಯೆ ದೊಡ್ಡ ಮಾವಿನ ಮರ. ಬೆಳಗಿನ ಜಾವ ವಾರ್ಡನ್ ಲೈಟು ಹಾಕಿ ಆರಿಸಿ, ಹಾಕಿ ಆರಿಸಿ ಮಾಡುತ್ತಿದ್ದರು. ಗಂಟೆಯ ಬದಲು ಅದು. ಕರೆಂಟ್ ಇಲ್ಲದ ದಿನ ಒಬ್ಬೊಬ್ಬರನ್ನೇ ಅಲ್ಲಾಡಿಸಿ ಎಬ್ಬಿಸಬೇಕು. ಬೆಳಿಗ್ಗೆ 'ಉಜಿ' ಅಂತ ಗಂಜಿ. ಮಧ್ಯಾಹ್ನ ಜೋಳ ಹುರುಳಿ ಬೇಯಿಸಿದ 'ಗಿಥೇರಿ'. ಅವರ ಹುರುಳಿ ನಮ್ಮ ಹುರುಳಿಯಲ್ಲ, ದೊಡ್ಡ ಬೀನ್ಸ್ ಕಾಳು. ರಾತ್ರಿ 'ಉಗಾಲಿ', ಜೊತೆಗೆ 'ಸುಕುಮಾ ವಿಕಿ' ಅನ್ನೋ ಸೊಪ್ಪಿನ ಪಲ್ಯ. ಸುಕುಮಾ ವಿಕಿ ಅಂದ್ರೆ ವಾರ ತಳ್ಳು ಅಂತ ಅರ್ಥವಂತೆ. ಉಗಾಲಿ ಬಿಳಿ ಮುಸುಕಿನ ಜೋಳದ ಮುದ್ದೆ. ಮೊದಲ ರಾತ್ರಿ ನಾನು ನಮ್ಮೂರ ಅಭ್ಯಾಸದಂತೆ ಉಂಡೆ ಮಾಡಿ ಅಗಿಯದೆ ನುಂಗಿದೆ. ಎದುರು ಕೂತ ಹುಡುಗರೆಲ್ಲ ಊಟ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದರು!

ಕಿವುಡರ ಶಾಲೆ ನಿಶ್ಶಬ್ದವಾಗಿರುತ್ತೆ ಅಂದ್ಕೊಂಡಿದ್ರೆ ಅದು ತಪ್ಪು. ಬೆಂಚು ಎಳೆಯೋ ಸದ್ದು, ತಟ್ಟೆ ಕುಕ್ಕೋ ಸದ್ದು, ಗಟ್ಟಿ ನಗು. ಸದ್ದು ಕೇಳದವರಿಗೆ ಸದ್ದು ಕಡಿಮೆ ಮಾಡಬೇಕು ಅಂತ ಹೇಗೆ ಗೊತ್ತಾಗಬೇಕು ಹೇಳಿ? ಆ ಕಡೆ ಮಧ್ಯಾಹ್ನ ಮೇಲೆ ಗುಡುಗು ಮಳೆ ಜಾಸ್ತಿ. ತಗಡಿನ ಮೇಲೆ ಮಳೆ ಸುರಿದರೆ ಪಕ್ಕದ ಮಾಮೂಲಿ ಶಾಲೆಯಲ್ಲಿ ಪಾಠ ನಿಂತೇ ಹೋಗುತ್ತಿತ್ತು, ಮೇಷ್ಟ್ರ ಮಾತು ಯಾರಿಗೂ ಕೇಳಿಸದು. ನಮ್ಮ ಶಾಲೆಯಲ್ಲಿ ಪಾಠ ನಡೆದೇ ಇರುತ್ತಿತ್ತು. ಆ ಸದ್ದಿಗೆ ತಲೆ ಚಿಟ್ಟು ಹಿಡಿದು ಕೂತವನು ನಾನೊಬ್ಬನೇ.

ಅದಕ್ಕೆ ತದ್ವಿರುದ್ಧ ರಾತ್ರಿ. ಊಟದ ಹೊತ್ತಲ್ಲಿ ಕರೆಂಟ್ ಹೋದರೆ ನೂರೈವತ್ತು ಮಕ್ಕಳ ಮಾತೂ ಒಟ್ಟಿಗೆ ಅರ್ಧಕ್ಕೇ ಕತ್ತರಿಸಿ ಹೋಗುತ್ತಿತ್ತು. ಕತ್ತಲಲ್ಲಿ ಕೈ ಕಾಣುವುದಿಲ್ಲವಲ್ಲ. ಚಿಕ್ಕವರು ಪಕ್ಕದವರ ತೋಳು ಹಿಡಿದುಕೊಳ್ಳುತ್ತಿದ್ದರು. ದೊಡ್ಡ ಹುಡುಗಿಯರು ಒಬ್ಬರ ಕೈಯೊಳಗೆ ಒಬ್ಬರು ಕೈಯಿಟ್ಟು ಮಾತು ಮುಂದುವರಿಸುತ್ತಿದ್ದರು. ನಾನು ಟಾರ್ಚ್ ಹಿಡಿದು ಹೋದರೆ ಸಾಕು, ಹುಳ ಮುತ್ತಿದಂತೆ ಆ ಬೆಳಕಿನ ಸುತ್ತ ಸೇರಿ ಮತ್ತೆ ಹರಟೆ ಶುರು. ನಮ್ಮತ್ತೆ ಕತ್ತಲಾದ ಮೇಲೆ ಯಾವಾಗಲೂ ಒಲೆಯ ಎದುರೇ ಕೂರುತ್ತಿದ್ದಳು, ಬೇರೆ ಎಲ್ಲೂ ಕೂರುತ್ತಿರಲಿಲ್ಲ. ಚಳಿಗೆ ಅಂತ ನಾವು ಅಂದುಕೊಂಡಿದ್ದೆವು.

ಪಾಠ ಮಾಡೋದು ಮೊದಲೆರಡು ತಿಂಗಳು ಫಜೀತಿ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡೋ ಚಟ ನನಗೆ. ತಿರುಗಿದೆ ಅಂದರೆ ಅವರ ಪಾಲಿಗೆ ಮೇಷ್ಟ್ರು ಬಾಯಿ ಮುಚ್ಚಿದ ಹಾಗೆ! ಕೂಡು, ಕಳೆ ಎಲ್ಲ ಅವರಿಗೆ ಸಲೀಸು. ಲೆಕ್ಕವನ್ನು ಇಂಗ್ಲಿಷ್ ವಾಕ್ಯದಲ್ಲಿ ಕೊಟ್ಟರೆ ಮಾತ್ರ ಕಷ್ಟ. ಒಂದು ದಿನ ಕೊಟ್ಟೆ: ಮರದ ಮೇಲೆ ಹನ್ನೆರಡು ಹಕ್ಕಿ, ಐದು ಹಾರಿಹೋದವು, 'ಹೌ ಮೆನಿ ಆರ್ ಲೆಫ್ಟ್?' ಒಬ್ಬ ಹುಡುಗಿ ಬಹಳ ಶ್ರದ್ಧೆಯಿಂದ ಮರ ಬರೆದು, ಹನ್ನೆರಡು ಹಕ್ಕಿ ಬರೆದು, ಮರದ ಎಡಗಡೆ ಇದ್ದವನ್ನು ಎಣಿಸಿ 'ನಾಲ್ಕು' ಅಂತ ಬರೆದಿದ್ದಳು. ಅವಳ ಲೆಕ್ಕದಲ್ಲಿ ತಪ್ಪೇನಿತ್ತು ಹೇಳಿ? ಆ ವಾಕ್ಯವನ್ನೇ ಸನ್ನೆಯಲ್ಲಿ ಹೇಳಿದೆ. ನಾನು ಮುಗಿಸೋ ಮೊದಲೇ ಏಳು ಬೆರಳು ಎತ್ತಿದಳು.

*

ಇನ್ನೊಂದು ವಿಷಯ ಹೇಳಬೇಕು, ಹೆಸರಿನ ವಿಷಯ.

ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರಿರುತ್ತೆ. ಪ್ರತಿ ಸಲ ಅಕ್ಷರ ಅಕ್ಷರ ತೋರಿಸುತ್ತಾ ಕೂರೋಕಾಗುತ್ತಾ? ಕೆನ್ನೆಯ ಗುಳಿ, ಗಾಯದ ಗುರುತು, ನಡೆಯೋ ರೀತಿ, ಹೀಗೆ ಎದ್ದು ಕಾಣೋದು ಏನಿದೆಯೋ ಅದೇ ಹೆಸರು. ಅದನ್ನು ನಾವೇ ಇಟ್ಟುಕೊಳ್ಳೋ ಹಾಗಿಲ್ಲ, ಅವರು ಕೊಡಬೇಕು. ನನಗೆ ಎರಡು ವಾರ ಹೆಸರೇ ಇರಲಿಲ್ಲ. ಆಮೇಲೆ ಒಂದು ದಿನ ಒಬ್ಬ ಪುಟ್ಟ ಹುಡುಗ ಕಿವಿಯ ಪಕ್ಕ ಅಂಗೈಯನ್ನು ಅತ್ತಿತ್ತ ತೂಗಿ ನನ್ನ ಕಡೆ ತೋರಿಸಿದ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಹೌದು ಅನ್ನೋಕೂ, ಆಯ್ತು ಅನ್ನೋಕೂ, ನೋಡೋಣ ಅನ್ನೋಕೂ ನಾವು ತಲೆ ತೂಗುತ್ತೀವಲ್ಲ, ಅದೇ ನನ್ನ ಹೆಸರಾಯಿತು. ತಲೆತೂಗೋ ಮೇಷ್ಟ್ರು!

ಮೇ ತಿಂಗಳಲ್ಲಿ, ಎರಡನೇ ಟರ್ಮ್ ಶುರುವಾದಾಗ, ಒಬ್ಬ ಹೊಸ ಹುಡುಗ ಬಂದ. ಒಂಬತ್ತು ವರ್ಷ ಇರಬಹುದು. ಸರೋವರದ ದಂಡೆಯ ಹಳ್ಳಿಯಿಂದ ಅವನ ಅಜ್ಜಿ ಕರೆದುಕೊಂಡು ಬಂದಿದ್ದರು. ಅವನಿಗೆ ಯಾವ ಭಾಷೆಯೂ ಇರಲಿಲ್ಲ. ಕಿವಿ ಕೇಳಲ್ಲ ಅಂತಷ್ಟೇ ಅಲ್ಲ. ಪ್ರತಿ ವಸ್ತುವಿಗೂ ಒಂದು ಹೆಸರಿದೆ, ತನಗೂ ಒಂದಿದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. ಮೊದಲ ಮೂರು ವಾರ ಮಾವಿನ ಮರದ ಬುಡ ಬಿಟ್ಟು ಅಲ್ಲಾಡಲಿಲ್ಲ. ಹತ್ತಿರ ಹೋದರೆ ಕಚ್ಚುತ್ತಿದ್ದ. ನಾವು ಮೇಷ್ಟ್ರುಗಳು ಚಿತ್ರ ತೋರಿಸಿ, ಬಿಸ್ಕತ್ತು ತೋರಿಸಿ ಸೋತೆವು. ಅವನಿಗೆ ಭಾಷೆ ಕಲಿಸಿದ್ದು ನಾವಲ್ಲ, ಹಾಸ್ಟೆಲ್ಲಿನ ಹುಡುಗರು. ಹಾಸಿಗೆ ಸುತ್ತುವಾಗ, ಸ್ನಾನಕ್ಕೆ ನೀರು ಹೊರುವಾಗ, ಜಗಳವಾಡುವಾಗ. ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು, ಅದೇ ಅವನ ಹೆಸರಾಯಿತು. ಜುಲೈ ಹೊತ್ತಿಗೆ ಅವನು ಸಿಕ್ಕ ಸಿಕ್ಕವರ ತೋಳು ಎಳೆದು, ಕಂಡದ್ದನ್ನೆಲ್ಲ ತೋರಿಸಿ, ಇದೇನು, ಅದೇನು, ಇವರ್ಯಾರು ಅಂತ ಕೇಳುತ್ತಾ ತಿರುಗುತ್ತಿದ್ದ. ನನ್ನನ್ನು ತೋರಿಸಿ ಕೇಳಿ, ಉತ್ತರ ನೋಡಿ, ನನ್ನೆದುರಿಗೇ ತಲೆ ತೂಗಿ ನಕ್ಕ.

ಆಗಸ್ಟ್ ರಜೆಗೆ ಕರೆದೊಯ್ಯಲು ಅಜ್ಜಿ ಬಂದರು. ರಜೆಯ ದಿನ ನಮ್ಮ ಶಾಲೆಯಲ್ಲಿ ಖುಷಿ ಕಡಿಮೆ. ಒಬ್ಬ ಹುಡುಗಿ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತುಬಿಟ್ಟಿದ್ದಳು. ಮನೆಯಲ್ಲಿ ಅವಳ ಜೊತೆ ಮಾತಾಡೋರು ಯಾರೂ ಇಲ್ಲ, ಒಂದು ತಿಂಗಳು ಸುಮ್ಮನಿರಬೇಕು. ಈ ಅಜ್ಜಿ ಮಾತ್ರ ಸೀದಾ ನನ್ನ ಹತ್ತಿರ ಬಂದು, ಜೊತೆಯ ಟೀಚರ್ ಮೂಲಕ ಕೇಳಿದರು: ನನಗೂ ಒಂದಿಷ್ಟು ಕಲಿಸು. ಮಾವಿನ ಮರದ ಕೆಳಗೆ ಕೂತು ಆರು ಮಾತು ಕಲಿಸಿದೆವು. ಹಸಿವು, ನೋವು, ಬಾ, ಮಲಗು, ಆಡು, ನಾಳೆ. ಕೊನೆಗೆ ಅರ್ಧ ಹಲ್ಲಿನ ಹೆಸರು. ಮೀನು ಸೀಳಿ ಸೀಳಿ ಗಟ್ಟಿಯಾದ ಬೆರಳುಗಳು, ಸರಿಯಾಗಿ ಬಗ್ಗುತ್ತಿರಲಿಲ್ಲ. ಬಸ್ಸಿಗೆ ಹೋಗೋ ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತಾ ಹೋದರು, ಮೊಮ್ಮಗ ತಿದ್ದುತ್ತಾ ಹೋದ.

ಅವತ್ತು ರಾತ್ರಿ ಮನೆಗೆ ಫೋನ್ ಮಾಡಿದೆ. ಅಮ್ಮ ಮಳೆ, ರಾಗಿ, ಯಾರದೋ ಮದುವೆ ಎಲ್ಲ ಹೇಳಿ ಆಮೇಲೆ ಅಂದಳು, "ನಿಮ್ಮತ್ತೆ ದಿನಾ ಕೇಳ್ತಾಳೆ ಕಣ್ಲಾ. ಹುಬ್ಬು ಹಿಂಗೆ ಗೀರ್ತಾಳೆ, ಆಮೇಲೆ ಆಕಾಶ ತೋರಿಸ್ತಾಳೆ. ಇನ್ನೂ ಬರ್ಲಿಲ್ವಾ ಅಂತ."

"ಹುಬ್ಬು ಯಾಕೆ ಗೀರ್ತಾಳೆ?"

"ಅದು ನೀನೇ ಅಲ್ವೇನ್ಲಾ! ತಲಪರಿಗೆ ತಾವ ಬಿದ್ದಾಗಿಂದ ನಿನ್ನ ಹಂಗೇ ತಾನೆ ಅವ್ಳು ಅನ್ನೋದು?"

ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಹೊರಗೆ ಕೂತಿದ್ದೆ. ಅಪ್ಪನಿಗೆ ಮೀಸೆ ತಿರುವೋದು, ಅಮ್ಮನಿಗೆ ಕೈಬಳೆ, ಅಕ್ಕನಿಗೆ ಜಡೆ, ಪಕ್ಕದ ಮನೆಯವರಿಗೆ ಕುಂಟು ನಡಿಗೆ... ಮನೆಗೆ, ಕೇರಿಗೆಲ್ಲ ಅವಳು ಹೆಸರಿಟ್ಟಿದ್ದಳು. ನಾವು ಅದನ್ನು ಅಣಕ ಅಂದುಕೊಂಡು ನಕ್ಕು ಸುಮ್ಮನಾಗಿದ್ದೆವು. ನನ್ನ ಮೊದಲ ಸನ್ನೆ ಹೆಸರು ಕೀನ್ಯಾದಲ್ಲಿ ಸಿಕ್ಕಿದ್ದಲ್ಲ. ಅದಾಗಲೇ ಇಪ್ಪತ್ತೆರಡು ವರ್ಷ ಹಳೆಯದು.

ಅವಳನ್ನು ನಾವು ಏನಂತ ಕರೆದೆವು? ಮೂಗಿ. ನೋಡಿದರೆ ಅವಳ ಗಂಟಲಿಗೆ ಏನೂ ಆಗಿರಲಿಲ್ಲ. ಹಸು ಬೆದರಿಸೋಕೆ ಅವಳು ಕೂಗಿದರೆ ಹೊಳೆಯ ಆಚೆ ದಡಕ್ಕೆ ಕೇಳಿಸುತ್ತಿತ್ತು.

*

ಆಮೇಲೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಮೇಷ್ಟ್ರುಗಳೆಲ್ಲ ಸೇರಿ, ಇನ್ನು ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಬಾಯಲ್ಲೇ ಮಾತು ಕಲಿಸಬೇಕು ಅಂತ ತೀರ್ಮಾನಿಸಿದರಂತೆ. ಅಲ್ಲಿದ್ದವರು ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರೇ! ಅದರಿಂದ ಎಷ್ಟೋ ದೇಶಗಳಲ್ಲಿ ಮಕ್ಕಳ ಕೈ ಕಟ್ಟಿಸಿ ಕೂರಿಸಿದರು. ಆ ತೀರ್ಮಾನ ತಪ್ಪು ಅಂತ ಅದೇ ಸಮ್ಮೇಳನದವರು ಒಪ್ಪಿಕೊಂಡದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಆಫ್ರಿಕಾದಲ್ಲಿ ಇದಕ್ಕೆ ಎದುರಾಗಿ ನಿಂತವರು ಆಂಡ್ರ್ಯೂ ಫಾಸ್ಟರ್ ಅನ್ನೋ ಅಮೆರಿಕದ ಕಪ್ಪು ಮನುಷ್ಯ, ಹನ್ನೊಂದನೇ ವಯಸ್ಸಲ್ಲಿ ಕಿವಿ ಕಳೆದುಕೊಂಡವರು. 1957ರಲ್ಲಿ ಘಾನಾದಲ್ಲಿ ಶುರು ಮಾಡಿ, 1987ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಫ್ರಿಕಾದಲ್ಲಿ ಮೂವತ್ತರಷ್ಟು ಶಾಲೆ ಕಟ್ಟಿದ್ದರು.

ನಮ್ಮ ಶಾಲೆಯಲ್ಲಿ ಒಬ್ಬರು ಕಿವುಡ ಮೇಷ್ಟ್ರಿದ್ದರು, ಈ ಓದಿಗೆಲ್ಲ ಅವರೇ ಗುರು. ಒಂದು ಸಂಜೆ ಅವರು ಹೇಳುತ್ತಿದ್ದರು: ಕೆಲವು ಹಳ್ಳಿಗಳಲ್ಲಿ ಕಿವುಡರು ಹೆಚ್ಚಾಗಿರೋದರಿಂದ ಊರಿಗೇ ಒಂದು ಸನ್ನೆ ಭಾಷೆ ಹುಟ್ಟಿಕೊಂಡಿರುತ್ತೆ, ಕಿವಿ ಕೇಳೋ ಜನಕ್ಕೂ ಅದು ಬರುತ್ತೆ. ಘಾನಾದ ಅಡಮೊರೊಬೆ, ಬಾಲಿಯ ಬೆಂಗ್ಕಾಲ... ಆಮೇಲೆ ನನ್ನ ಕಡೆ ಬೆರಳು ಮಾಡಿ ಒಂದೊಂದೇ ಅಕ್ಷರ ತೋರಿಸಿದರು: ಅಲಿಪುರ್. ಗೊತ್ತಾ?

ಕಲ್ಕತ್ತದ ಕಡೆಯದು ಇರಬೇಕು ಅಂದೆ. ಅವರು ಅಲ್ಲ ಅಂತ ತಲೆಯಾಡಿಸಿ ಮತ್ತೆ ತೋರಿಸಿದರು: ಕರ್ನಾಟಕ.

ಮರುದಿನ ಸೈಬರ್ ಸೆಂಟರಿನಲ್ಲಿ ಹುಡುಕಿದೆ. ಗೌರಿಬಿದನೂರು ತಾಲ್ಲೂಕು, ತೊಂಡೇಬಾವಿ ಹತ್ತಿರದ ಅಲಿಪುರ! ನಮ್ಮೂರಿಂದ ಬೈಕಲ್ಲಿ ಒಂದು ಗಂಟೆಯೊಳಗಿನ ದಾರಿ. ಗೌರಿಬಿದನೂರಿನ ನೆಂಟರ ಮನೆಗೆ ಹೋಗುವಾಗ ಆ ಊರಿನ ಹೆಸರು ಬರೆದ ಬೋರ್ಡನ್ನು ನಾನೇ ಎಷ್ಟು ಸಲ ನೋಡಿದ್ದೀನೋ. ಷಿಯಾ ಮುಸ್ಲಿಮರು ಹೆಚ್ಚಿರುವ ದೊಡ್ಡ ಊರು. ಒಳಸಂಬಂಧದ ಮದುವೆಗಳಿಂದಾಗಿ ತಲೆತಲಾಂತರದಿಂದ ಬಂದ ಕಿವುಡು, ನೂರಕ್ಕೂ ಹೆಚ್ಚು ಜನಕ್ಕೆ. ಅವರ ಭಾಷೆಯನ್ನು ಅಧ್ಯಯನ ಮಾಡಿ ಬರೆದವರು ಸಿಬಾಜಿ ಪಂಡಾ, ಅವರೂ ಕಿವುಡರೇ. ಆ ಬರಹ ಇರುವ ಪುಸ್ತಕ ಹೊರಬಂದದ್ದು ಅದೇ ವರ್ಷ, 2012ರಲ್ಲಿ.

*

2013ರ ಫೆಬ್ರವರಿಯ ಒಂದು ಭಾನುವಾರ ಅತ್ತೆಯನ್ನು ಬೈಕಲ್ಲಿ ಕೂರಿಸಿಕೊಂಡು ಅಲಿಪುರಕ್ಕೆ ಹೋದೆ. ಎಲ್ಲಿಗೆ ಅಂತ ಅವಳಿಗೆ ತಿಳಿಸೋ ದಾರಿ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಅಂದುಕೊಂಡಳೇನೋ, ಒಳ್ಳೆ ಸೀರೆ ಉಟ್ಟಿದ್ದಳು.

ಟೀ ಅಂಗಡಿಯಲ್ಲಿ ನಿಂತೆವು. ಅತ್ತೆ ಸಕ್ಕರೆ ಕಮ್ಮಿ ಅಂತ ನನಗೆ ಕೈ ಮಾಡಿದಳು. ನಾನು ಬಾಯಿ ಬಿಡೋ ಮುಂಚೆ ಅಂಗಡಿಯವರು, ಕಿವಿ ಚೆನ್ನಾಗೇ ಕೇಳೋ ಮನುಷ್ಯ, ಕೈಯಲ್ಲೇ ಅವಳಿಗೆ ಏನೋ ಕೇಳಿದರು. ಅತ್ತೆ ಲೋಟ ಹಿಡಿದು ಹಾಗೇ ನಿಂತುಬಿಟ್ಟಳು. ಅರವತ್ತರ ಹತ್ತಿರದ ಅವಳ ಬದುಕಲ್ಲಿ ಮನೆಯವರಲ್ಲದವರು ಯಾರೂ ಅವಳ ಹತ್ತಿರ ಹಾಗೆ ಮಾತಾಡಿದ್ದೇ ಇಲ್ಲ.

ಸ್ವಲ್ಪ ಹೊತ್ತಿಗೆ ಇಬ್ಬರು ವಯಸ್ಸಾದ ಹೆಂಗಸರನ್ನು ಕರೆಸಿದರು, ಕಿವುಡರು. ಅವರ ಸನ್ನೆಯೇ ಬೇರೆ, ಅತ್ತೆಯದೇ ಬೇರೆ. ಅರ್ಧಕ್ಕರ್ಧ ತಪ್ಪುತ್ತಿತ್ತು. ತಪ್ಪಿದ್ದನ್ನು ಮತ್ತೆ ಮತ್ತೆ ಬೇರೆ ರೀತಿ ಮಾಡಿ ತೋರಿಸುತ್ತಿದ್ದರು. ಮಕ್ಕಳೆಷ್ಟು? ಇಲ್ಲ. ಗಂಡ? ಇಲ್ಲ. ಹಸು? ಮೂರು, ಒಂದು ಒದೆಯುತ್ತೆ. ಒದೆಸಿಕೊಂಡದ್ದನ್ನು ಅತ್ತೆ ಅಭಿನಯಿಸಿ ತೋರಿಸಿದಾಗ ಮೂವರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಈ ಸಲ ನಗು ಯಾಕೆ ಅಂತ ಗೊತ್ತಿಲ್ಲದವನು ನಾನು, ನನಗೆ ಅರ್ಧ ತಡವಾಗಿ ಗೊತ್ತಾಯಿತು. ಹೊರಡುವಾಗ ಅವರಲ್ಲೊಬ್ಬರು ಅತ್ತೆಗೆ ಹೆಸರಿಟ್ಟರು. ಮೂಗಿನ ಎರಡೂ ಕಡೆ ಬೆರಳು ತಾಗಿಸೋದು. ಎರಡು ಮೂಗುಬೊಟ್ಟು.

ವಾಪಸ್ಸು ಬರುವಾಗ ಊರು ಹತ್ತಿರವಾಗುತ್ತಿದ್ದಂತೆ ಅತ್ತೆ ಬೆನ್ನು ತಟ್ಟಿ ಬೈಕ್ ನಿಲ್ಲಿಸಿದಳು. ಇಳಿದಳು. ನಾವು ಬಂದ ದಿಕ್ಕಿಗೆ ಕೈ ತೋರಿಸಿದಳು. ಹುಬ್ಬು ಗೀರಿದಳು. ಅಂಗೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದಳು. ಆಮೇಲೆ ಎರಡೂ ಕೈ ಮೇಲಕ್ಕೆ ಮಾಡಿ ನನ್ನ ಮುಖವನ್ನೇ ನೋಡಿದಳು.

ನೀನು ಇಷ್ಟೆತ್ತರ ಇದ್ದಾಗ... ಯಾಕೆ?

ಹನ್ನೊಂದು ತಿಂಗಳು ಕೈಯಲ್ಲಿ ಮಾತಾಡಿ ಬಂದವನು. ನನ್ನ ಕೈ ಮೇಲೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಸೆರಗು ಸರಿ ಮಾಡಿಕೊಂಡು ಬೈಕ್ ಹತ್ತಿದಳು.

*

ಈಗ ಅತ್ತೆಗೆ ಎಪ್ಪತ್ತು ದಾಟಿದೆ. ವರ್ಷಕ್ಕೆರಡು ಸಲ ಅಲಿಪುರಕ್ಕೆ ಕರೆದುಕೊಂಡು ಹೋಗ್ತೀನಿ. ಅಮ್ಮನೂ ಈಗ ಅತ್ತೆಯ ಕಥೆ ಹೇಳುವಾಗ ಮೂಗುಬೊಟ್ಟು ಮುಟ್ಟುತ್ತಾಳೆ, ಮೂಗಿ ಅನ್ನೋದು ಬಾಯಿತಪ್ಪಿ ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಾಳೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕಿವಿ ಕೇಳದವರು 50 ಲಕ್ಷ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಗೆ ಅಂತಲೇ ಒಂದು ಸಂಸ್ಥೆ ಶುರುವಾಯಿತು, ಅವರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದ ಆಗಿದ್ದವು. ಒಳ್ಳೆಯದೇ. ಆದರೆ ಒಬ್ಬಳೇ ಒಬ್ಬಳಿಗೆ ಹತ್ತು ಸಾವಿರ ಪದ ಕೊಟ್ಟು ಏನು ಪ್ರಯೋಜನ? ಎದುರಿಗೆ ಇನ್ನೊಂದು ಜೊತೆ ಕೈ ಬೇಕಲ್ಲ.

ನಿಮ್ಮೂರಲ್ಲೂ ಒಬ್ಬ ಮೂಗನೋ ಮೂಗಿಯೋ ಇದ್ದೇ ಇರ್ತಾರೆ. ಈ ಸಲ ಊರಿಗೆ ಹೋದಾಗ ಅವರ ಎದುರು ಹತ್ತು ನಿಮಿಷ ಕೂತು ನೋಡಿ. ನಿಮಗೂ ಅವರು ಯಾವತ್ತೋ ಒಂದು ಹೆಸರಿಟ್ಟಿರ್ತಾರೆ. ಅದೇನು ಅಂತ ಬಂದು ನನಗೂ ಹೇಳಿ.